ಹದಿನೇಳನೆಯ ತಲೆ

ಬಿಷಪ್ಪರ ಮೊದಲ ಸಭಿಕರು ಬ್ರೆಡ್ಡುಗಳು.

ಅವರ ತಂದೆಗೆ ಒಂದು ಸಣ್ಣ ಬೇಕರಿ ಇತ್ತು. ಬೆಳಗಿನ ಒಲೆಯಿಂದ ತೆಗೆದ ಬ್ರೆಡ್ಡುಗಳನ್ನು ಆರಲೆಂದು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು, ಸಾಲಿಗೆ ಆರರಂತೆ ನಾಲ್ಕು ಸಾಲು. ಏಳು ವರ್ಷದ ಮಗ ಹಿಟ್ಟಿನ ಡಬ್ಬದ ಮೇಲೆ ಹತ್ತಿ ನಿಂತು, ಹಿಂದಿನ ಭಾನುವಾರ ಚರ್ಚಿನಲ್ಲಿ ಕೇಳಿದ್ದನ್ನೆಲ್ಲ ಆ ಇಪ್ಪತ್ತನಾಲ್ಕು ಕಂದು ತಲೆಗಳಿಗೆ ಒಪ್ಪಿಸುತ್ತಿದ್ದ. ಯಾರೂ ಕೆಮ್ಮುತ್ತಿರಲಿಲ್ಲ. ಯಾರೂ ಮಧ್ಯದಲ್ಲಿ ಎದ್ದು ಹೋಗುತ್ತಿರಲಿಲ್ಲ. ಅಂಥ ಸಭೆ ಮುಂದೆ ಅವರಿಗೆ ಎಲ್ಲೂ ಸಿಗಲಿಲ್ಲ.

"ಬೇಗ ಮುಗಿಸಪ್ಪಾ, ನಿನ್ನ ಸಭೆ ತಣ್ಣಗಾಗ್ತಿದೆ," ಎನ್ನುತ್ತಿದ್ದರು ತಂದೆ.

"ಇನ್ನೊಂದೇ ಮಾತು ಅಪ್ಪಾ."

"ಆ ಒಂದೇ ಮಾತು ಶುರುವಾಗಿ ಅರ್ಧ ಗಂಟೆ ಆಯ್ತು. ಗಿರಾಕಿಗಳು ಬಾಗಿಲಲ್ಲಿ ನಿಂತಿದಾರೆ."

ಹಾಗೆ ಶುರುವಾದ ಮಾತು ಆಮೇಲೆ ನಿಲ್ಲಲಿಲ್ಲ. ಹತ್ತೊಂಬತ್ತಕ್ಕೆ ಸೆಮಿನರಿ ಸೇರಿದರು, ಇಪ್ಪತ್ತೈದಕ್ಕೆ ಆಂಗ್ಲಿಕನ್ ಸಭೆಯ ಪಾದ್ರಿಯಾದರು. ಗಿರಣಿ ಕೆಲಸಗಾರರ ಬೀದಿಯ ಒಂದು ಚರ್ಚಿನಲ್ಲಿ ಹನ್ನೊಂದು ವರ್ಷ, ಸೆಮಿನರಿಯಲ್ಲಿ ಪಾಠ ಹೇಳುತ್ತಾ ಇಪ್ಪತ್ತು ವರ್ಷ, ಐವತ್ತಾರಕ್ಕೆ ಬಿಷಪ್. ಈ ನಡುವೆ ಒಂಬತ್ತು ಪುಸ್ತಕ ಬರೆದರು. ಮೊದಲನೆಯದು ಸಂಕಟದ ಬಗ್ಗೆ. ಎರಡನೆಯದೂ ಸಂಕಟದ ಬಗ್ಗೆಯೇ, ಅಡಿಟಿಪ್ಪಣಿಗಳು ಹೆಚ್ಚು. ಮೂರನೆಯದು ಪಾಪ, ನಾಲ್ಕನೆಯದು ಮರಣ, ಐದನೆಯದು ಮರಣದ ನಂತರ. ಅಷ್ಟಾದ ಮೇಲೆ ಮುಂದೆ ಹೋಗಲು ಜಾಗವಿಲ್ಲದೆ ಆರನೆಯದರಲ್ಲಿ ಮತ್ತೆ ಸಂಕಟಕ್ಕೆ ಬಂದರು.

ಹಾಗೆಂದು ಅವರು ಮುಖ ಜೋಲು ಹಾಕಿಕೊಂಡಿರುವ ಮನುಷ್ಯರಾಗಿರಲಿಲ್ಲ. ನಕ್ಕರೆ ಭುಜ ಕುಣಿಯುತ್ತಿತ್ತು. ಸ್ನಾನದ ಮನೆಯಲ್ಲಿ ಕೀರ್ತನೆ ಹಾಡುವಾಗ ಮೇಲಿನ ಸ್ವರ ಎಟುಕದಿದ್ದರೆ ಕೆಳಗಿನದಕ್ಕೆ ಇಳಿದು, ಅದಕ್ಕೂ ತಾವೇ ನಗುತ್ತಿದ್ದರು. ಮೇಜಿನ ಮುಂದೆ ಕೂತು ಪೆನ್ನಿನ ಟೊಪ್ಪಿ ತೆಗೆದರೆಂದರೆ ಮಾತ್ರ ಹುಬ್ಬುಗಳೆರಡೂ ಹತ್ತಿರ ಬಂದು ಸೇರಿಬಿಡುತ್ತಿದ್ದವು.

"ನೋಡಿ, ಪೆನ್ನು ಹಿಡಿದ್ರು. ಇನ್ನು ಈ ಮನೇಲಿ ಯಾರೋ ಸತ್ತಂಗೆ," ಎನ್ನುತ್ತಿದ್ದರು ಹೆಂಡತಿ. ಆಕೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಬೀದಿಗೆಲ್ಲ ಲೆಕ್ಕದ ಟೀಚರ್. ಗಂಡನ ಪುಸ್ತಕಗಳ ಬಗ್ಗೆ ಆಕೆಯ ಅಭಿಪ್ರಾಯ ಸ್ಪಷ್ಟವಾಗಿತ್ತು. "ಡಾಕ್ಟರು ಕೊಟ್ಟ ಮಾತ್ರೆ ನುಂಗಿದ್ರೆ ಅರ್ಧ ಗಂಟೆಗೆ ನಿದ್ದೆ ಬರುತ್ತೆ. ನಿಮ್ಮದು ಎರಡೇ ಪುಟ. ಅಡ್ಡ ಪರಿಣಾಮಾನೂ ಇಲ್ಲ."

ಬಿಷಪ್ ನಗುತ್ತಿದ್ದರು. ಹೆಂಡತಿ ಓದದಿದ್ದರೇನು, ಊರು ಓದುತ್ತದಲ್ಲ ಎಂದುಕೊಂಡಿದ್ದರು. ಆ ನಂಬಿಕೆ ಮುರಿದದ್ದು ಒಂದು ಸಂಜೆ, ಸಭೆಯ ಹಿರಿಯರೊಬ್ಬರ ಮನೆಯಲ್ಲಿ.

ಸಭೆಯ ಪ್ರೆಸ್ಸಿನ ಕತ್ತರಿಸುವ ಯಂತ್ರ ಹಳೆಯದು. ಅಲ್ಲಿ ಅಚ್ಚಾದ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಬರುತ್ತಿದ್ದವು. ಓದುವವರು ಚಾಕುವಿನಿಂದ ಸೀಳಿಕೊಂಡು ಮುಂದೆ ಹೋಗಬೇಕು. ಹಿರಿಯರು ಟೀ ತರಲು ಒಳಗೆ ಹೋದಾಗ ಬಿಷಪ್ ಕಪಾಟಿನಲ್ಲಿದ್ದ ತಮ್ಮ ಏಳನೆಯ ಪುಸ್ತಕವನ್ನು ಸುಮ್ಮನೆ ತೆಗೆದು ನೋಡಿದರು. ಹದಿನಾರನೆಯ ಪುಟದವರೆಗೆ ಸೀಳಿತ್ತು. ಅಲ್ಲಿಂದ ಮುಂದೆ ಇನ್ನೂರ ನಲವತ್ತು ಪುಟ, ಪ್ರೆಸ್ಸಿನಿಂದ ಬಂದ ಹಾಗೆಯೇ, ಬಾಯಿ ಮುಚ್ಚಿಕೊಂಡು ಕೂತಿದ್ದವು.

ಹಿರಿಯರು ಟೀ ತಂದು, "ಅದ್ಭುತವಾದ ಪುಸ್ತಕ ಅಯ್ಯನವರೇ. ಅದರ ಕೊನೇ ಅಧ್ಯಾಯ ಓದಿ ಕಣ್ಣಲ್ಲಿ ನೀರು ಬಂತು," ಎಂದರು.

ಅಂದಿನಿಂದ ಬಿಷಪ್ಪರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತು. ಯಾರ ಮನೆಗೆ ಹೋದರೂ ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂರುವುದು, ಯಾರೂ ನೋಡದಾಗ ಬೆರಳಿನಿಂದ ಅಂಚು ಸವರುವುದು. ಡಾಕ್ಟರ ಮನೆಯಲ್ಲಿ ಹದಿನಾರು ಪುಟ. ನಿವೃತ್ತ ನ್ಯಾಯಾಧೀಶರಲ್ಲಿ ಎಂಟು. ತಮ್ಮ ಸ್ವಂತ ತಮ್ಮನ ಮನೆಯಲ್ಲಿ ಒಂದೂ ಇಲ್ಲ. ಮೊದಲ ಪುಟದಲ್ಲಿದ್ದ ಅಣ್ಣನ ಸಹಿಯನ್ನು ಮಾತ್ರ ಅವನು ಬಂದವರಿಗೆಲ್ಲ ತೋರಿಸುತ್ತಿದ್ದ. ಎರಡು ವರ್ಷ ಹೀಗೆ ಸವರಿದರು. ಕೊನೆಯವರೆಗೆ ಸೀಳಿದ ಒಂದು ಪ್ರತಿಯೂ ಸಿಗಲಿಲ್ಲ.

ಆಗ ಅವರಿಗೆ ಅರವತ್ತಮೂರು. ಅರವತ್ತೈದಕ್ಕೆ ನಿವೃತ್ತಿ. ಹತ್ತನೆಯ ಪುಸ್ತಕ ಕೊಡುತ್ತೇನೆಂದು ಪ್ರೆಸ್ಸಿಗೆ ಮಾತು ಕೊಟ್ಟಾಗಿತ್ತು. ಅವರ ಆಸೆ ಈಗ ತೀರ ಚಿಕ್ಕದಾಗಿತ್ತು, ಆದ್ದರಿಂದಲೇ ಅದು ಅವರನ್ನು ಬಿಡುತ್ತಿರಲಿಲ್ಲ. ತಾನು ಬರೆದದ್ದನ್ನು ಒಬ್ಬ ಮನುಷ್ಯ, ಯಾವ ಮುಲಾಜಿಗೂ ಒಳಗಾಗದೆ, ಕೊನೆಯವರೆಗೆ ಓದಬೇಕು. ಒಬ್ಬನೇ ಸಾಕು.

*

ಬಿಷಪ್ಪರಾದವರ ಮುಖ್ಯ ಕೆಲಸಗಳಲ್ಲಿ ಒಂದು ದೃಢೀಕರಣ, ಹಸುಗೂಸಾಗಿದ್ದಾಗ ದೀಕ್ಷಾಸ್ನಾನವಾದವರನ್ನು ಬೆಳೆದ ಮೇಲೆ ಸಭೆಗೆ ಪೂರ್ತಿಯಾಗಿ ಸೇರಿಸಿಕೊಳ್ಳುವ ವಿಧಿ. ಹದಿನಾಲ್ಕು ಹದಿನೈದರ ಮಕ್ಕಳು ಚರ್ಚಿನ ಮುಂಭಾಗದ ಕಟಕಟೆಯ ಉದ್ದಕ್ಕೂ ಸಾಲಾಗಿ ಮೊಣಕಾಲೂರುತ್ತಾರೆ. ಬಿಷಪ್ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಇದರಲ್ಲಿ ಈ ಬಿಷಪ್ಪರದು ಎರಡು ಸ್ವಂತ ಪದ್ಧತಿ.

ಒಂದು, ಸಾಲಿನ ಮೊದಲ ತಲೆಯಿಂದ ಕೊನೆಯ ತಲೆಯವರೆಗೆ ಅವರು ಕಣ್ಣು ತೆರೆಯುತ್ತಿರಲಿಲ್ಲ. ಕೈಯ ಕೆಳಗಿರುವುದು ಯಾರ ಮನೆಯ ಮಗು ಎಂದು ತನಗೆ ತಿಳಿಯಬಾರದು ಎನ್ನುತ್ತಿದ್ದರು. ಪಕ್ಕದಲ್ಲಿ ಸಹಾಯಕ ಪಾದ್ರಿ ಹೆಸರು ಪಿಸುಗುಟ್ಟುತ್ತಾ ಬರುತ್ತಿದ್ದ. ತೆಳ್ಳಗಿನ, ಸದಾ ಕೈಗಡಿಯಾರ ನೋಡುವ ಈ ಯುವಕನಿಗೆ ಎಲ್ಲರೂ ಗಡಿಯಾರದ ಪಾದ್ರಿ ಎಂದೇ ಹೆಸರಿಟ್ಟಿದ್ದರು.

ಎರಡನೆಯದು, ದೃಢೀಕರಣವಾದ ಪ್ರತಿಯೊಬ್ಬರಿಗೂ ಒಂದು ಬಿಳಿಯ ಕಾರ್ಡು. ಅದರ ಮೇಲೆ ಬಿಷಪ್ಪರಿಗೆ ಒಂದೇ ಒಂದು ಪ್ರಶ್ನೆ ಬರೆದು ಕಳಿಸಬಹುದು. ಇಂದೇ ಆಗಬೇಕೆಂದಿಲ್ಲ, ಬದುಕಿನಲ್ಲಿ ಯಾವಾಗ ಬೇಕಾದರೂ. ಉತ್ತರವೂ ಒಂದು ಕಾರ್ಡಿನಷ್ಟೇ. ನಮ್ಮ ನಾಯಿ ಸ್ವರ್ಗಕ್ಕೆ ಹೋಗುತ್ತದೆಯೇ ಎಂದು ಒಂದು ಹುಡುಗಿ ಕೇಳಿದ್ದಳು. ದೇವರಿಗೆ ಬೇಜಾರಾದರೆ ಏನು ಮಾಡುತ್ತಾನೆ ಎಂದು ಒಬ್ಬ ಹುಡುಗ. ಬಿಷಪ್ ಎಲ್ಲರಿಗೂ ಉತ್ತರಿಸುತ್ತಿದ್ದರು, ಇರುವೆಯಂಥ ಅಕ್ಷರಗಳಲ್ಲಿ, ಕಾರ್ಡಿನ ನಾಲ್ಕೂ ಅಂಚು ಮುಟ್ಟುವವರೆಗೆ.

ಆ ವರ್ಷದ ದೃಢೀಕರಣಕ್ಕೆ ಹದಿನಾರು ಮಕ್ಕಳಿದ್ದರು. ಕಟಕಟೆಯ ಮುಂದೆ ಮೊಣಕಾಲೂರುವ ಹಲಗೆ ಹಳತಾಗಿ ಅಲ್ಲಾಡುತ್ತಿತ್ತು. ಹಿಂದಿನ ದಿನವೇ ಬಡಗಿಯನ್ನು ಕರೆಸಿ ಸರಿ ಮಾಡಿಸಿದ್ದರು. ಬಡಗಿ ಅರವತ್ತರ ಹತ್ತಿರದವನು. ಊರಿನ ಅರ್ಧಕ್ಕರ್ಧ ಕಿಟಕಿಗಳು ಅವನ ಕೈಯವು. ಮದುವೆಯಾದ ಮೇಲೆ ಚರ್ಚಿನೊಳಗೆ ಅವನು ಕಾಲಿಟ್ಟದ್ದೇನಿದ್ದರೂ ರಿಪೇರಿಗೆ. ತಾನು ಮಾಡಿದ ಕೆಲಸ ಭಾರ ತಡೆಯುತ್ತದೆಯೋ ಇಲ್ಲವೋ ನೋಡಿಯೇ ಹೋಗುವುದು ಅವನ ರೂಢಿ. ಹಾಗಾಗಿ ಅಂದು ಬಂದು ಪಕ್ಕದ ಬಾಗಿಲಲ್ಲಿ ನಿಂತಿದ್ದ.

ಹದಿನಾರು ಮಕ್ಕಳು ಒಟ್ಟಿಗೆ ಮೊಣಕಾಲೂರಿದ್ದೇ ತಡ, ಹಲಗೆಯ ಬಲತುದಿ ಕಿರ್ರೆಂದು ಒಂದು ಬೆರಳಿನಷ್ಟು ಕುಸಿಯಿತು. ತುದಿಯಲ್ಲಿದ್ದ ಹುಡುಗಿ ಒಂದು ಕಡೆಗೆ ವಾಲಿದಳು. ಬಡಗಿಗೆ ಆಗ ಬೇರೇನೂ ಕಾಣಲಿಲ್ಲ. ಬಾಗಿಕೊಂಡು ಓಡಿ ಬಂದು, ಅವಳ ಪಕ್ಕದಲ್ಲಿ ಮಂಡಿಯೂರಿ, ಎರಡೂ ಕೈಗಳಿಂದ ಹಲಗೆಯನ್ನು ಕೆಳಗಿನಿಂದ ಎತ್ತಿ ಹಿಡಿದ. ಬಿಟ್ಟರೆ ಹದಿನಾರೂ ಜನ ಜಾರುತ್ತಾರೆ. ಬಿಡುವಂತಿರಲಿಲ್ಲ.

ಬಿಷಪ್ ಕಣ್ಣು ಮುಚ್ಚಿಕೊಂಡು ತಲೆಯಿಂದ ತಲೆಗೆ ಬರುತ್ತಿದ್ದರು. ಎಣ್ಣೆ ಹಚ್ಚಿದ ತಲೆ, ಗುಂಗುರು ತಲೆ, ಈಗಷ್ಟೇ ಕ್ಷೌರವಾದ ತಲೆ. ಹದಿನಾರನೆಯದು ಮುಗಿದು ಕೈ ಮುಂದೆ ಹೋಯಿತು. ಅಲ್ಲೊಂದು ತಲೆ ಇತ್ತು. ಒರಟು ಕೂದಲು, ಅದರ ತುಂಬ ಮರದ ಪುಡಿ.

ಗಡಿಯಾರದ ಪಾದ್ರಿಯ ಪಟ್ಟಿ ಮುಗಿದಿತ್ತು. ಅವನ ಬಾಯಿಂದ ಗಾಳಿ ಮಾತ್ರ ಬಂತು.

"ಹೆಸರು?" ಎಂದರು ಬಿಷಪ್ ಮೆಲ್ಲಗೆ.

ಕೆಳಗಿನಿಂದ ಒಂದು ದಪ್ಪ ದನಿ ಅಷ್ಟೇ ಮೆಲ್ಲಗೆ ಹೇಳಿತು. "ನಾನು ಬಡಗಿ ಅಯ್ಯನವರೇ."

ಶಿಲುಬೆಯ ಮೇಲಿದ್ದವನದೂ ಅದೇ ಕಸುಬು, ಅದರ ಹೆಸರು ಆ ಕಟ್ಟಡಕ್ಕೆ ಹೊಸದೇನೂ ಅಲ್ಲ. ಬಿಷಪ್ಪರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಎರಡೂ ಕೈಯನ್ನು ಗಟ್ಟಿಯಾಗಿ ಊರಿ, ಪೂರ್ತಿ ಪ್ರಾರ್ಥನೆಯನ್ನು, ಒಂದು ಮಾತೂ ಬಿಡದೆ, ಆ ತಲೆಯ ಮೇಲೂ ಹೇಳಿದರು. ಕಣ್ಣು ತೆರೆದಾಗ ಕೆಳಗಿನಿಂದ ಅರವತ್ತರ ಮುಖವೊಂದು ಅವರನ್ನು ನೋಡುತ್ತಿತ್ತು. ಹಣೆಯ ಮೇಲೆ ಬೆವರು, ಎರಡೂ ಕೈ ಇನ್ನೂ ಹಲಗೆಯ ಕೆಳಗೆ.

"ಒಂದು ಸುತ್ತಿಗೆ ಯಾರಾದ್ರೂ ಕೊಡ್ತೀರಾ?" ಎಂದ ಬಡಗಿ.

ಮೊದಲು ನಕ್ಕದ್ದು ಬಿಷಪ್ಪರೇ. ಆಮೇಲೆ ಚರ್ಚಿಗೆ ಚರ್ಚೇ.

ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಗಡಿಯಾರದ ಪಾದ್ರಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ಇದನ್ನ ರಿಜಿಸ್ಟರಲ್ಲಿ ಹೇಗೆ ಬರೀಲಿ? ರದ್ದು ಮಾಡೋಣ ಅಯ್ಯನವರೇ."

"ಕೈ ಇಟ್ಟಾಯ್ತಲ್ಲಪ್ಪ. ಇಟ್ಟ ಕೈ ವಾಪಸ್ ತಗೊಳ್ಳೋ ಪ್ರಾರ್ಥನೆ ನಮ್ಮ ಪುಸ್ತಕದಲ್ಲಿ ಇಲ್ಲ," ಎಂದು ಬಿಷಪ್ ಬಡಗಿಯ ಕಡೆ ತಿರುಗಿದರು. "ಚಿಕ್ಕಂದಿನಲ್ಲಿ ನಿಮಗೆ ದೀಕ್ಷಾಸ್ನಾನ ಆಗಿದೆಯಾ?"

"ಅಜ್ಜಿ ಎತ್ಕೊಂಡು ಬಂದು ನೀರು ಹಾಕ್ಸಿದ್ಳಂತೆ. ಚಳಿ ಜ್ವರ ಬಂತಂತೆ. ಅಷ್ಟು ಗೊತ್ತು."

"ಸಾಕು. ಬರ್ಕೊಳಪ್ಪ, ಹದಿನೇಳು."

ಬಡಗಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುವವನು ಬಾಗಿಲಲ್ಲಿ ನಿಂತ. "ಹಂಗಾದ್ರೆ ಆ ಬಿಳೀ ಕಾರ್ಡು ನಂಗೂ ಕೊಡ್ಬೇಕಲ್ವಾ?"

*

ನಾಲ್ಕನೆಯ ದಿನ ಕಾರ್ಡು ಬಂತು. ದಪ್ಪ ಸೀಸದ ಕಡ್ಡಿಯಲ್ಲಿ, ಅಡ್ಡಗೆರೆ ಹಾಕಿಕೊಂಡು ಅದರ ಮೇಲೆ ಕೂರಿಸಿದ ಅಕ್ಷರಗಳು. ಬಿಷಪ್ ಹೆಂಡತಿಗೆ ಓದಿ ಹೇಳಿದರು.

ಮಗಳಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮಗುವಾಗಿದೆ, ಹೆಣ್ಣು. ಐವತ್ತು ದಿನ ಆಯಿತು. ನನ್ನ ಹೆಂಡತಿ ಸತ್ತಾಗ ದುಃಖ ಅಂದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಹತ್ತು ಜನ ಬಂದು ಪಕ್ಕದಲ್ಲಿ ಕೂತರು. ಈಗ ಸಂತೋಷ ಬಂದಿದೆ, ಒಬ್ಬನೇ ಆಗಿಬಿಟ್ಟಿದ್ದೇನೆ. ಹೇಳಿಕೊಂಡರೆ ಜಂಬ ಅನ್ನುತ್ತಾರೆ. ಎದೆಯಲ್ಲಿ ಹಿಡಿಸುತ್ತಿಲ್ಲ, ಕೆಲಸ ಮಾಡುವಾಗ ಅಳತೆ ತಪ್ಪುತ್ತದೆ. ಇಷ್ಟು ಸಂತೋಷವನ್ನು ಏನು ಮಾಡಬೇಕು?

ಟೀಚರ್ ಹೆಣೆಯುತ್ತಿದ್ದ ಕಡ್ಡಿ ಕೆಳಗಿಟ್ಟರು. "ಒಳ್ಳೇ ಪ್ರಶ್ನೆ. ಇದು ನಿಮ್ಮ ಸಿಲಬಸ್ಸಲ್ಲೇ ಇಲ್ಲ."

ಬಿಷಪ್ ಮೇಜಿಗೆ ಹೋದರು. ಪೆನ್ನಿನ ಟೊಪ್ಪಿ ತೆಗೆದರು, ಹುಬ್ಬು ಕೂಡಿದವು. ಸಂತೋಷವೆಂಬುದು ಮೂಲತಃ ಎರಡು ಬಗೆಯದು, ಎಂದು ಶುರು ಮಾಡಿ, ಕಾರ್ಡಿನ ಅಂಚು ಮುಟ್ಟಿಸಿ ಅಂಚೆಗೆ ಹಾಕಿದರು.

ಮೂರನೆಯ ದಿನ ಬಡಗಿ ತಾನೇ ಬಂದ, ಕೈಯಲ್ಲಿ ಕಾರ್ಡು. ಮೂರನೆಯ ಸಾಲಿನ ಮಧ್ಯದಲ್ಲಿ, ಮರ ಕೊಯ್ಯುವ ಮೊದಲು ಗುರುತು ಹಾಕುತ್ತಾರಲ್ಲ, ಅಂಥ ಒಂದು ದಪ್ಪ ಗೆರೆ.

"ಇದೇನು?" ಎಂದರು ಬಿಷಪ್.

"ಇಲ್ಲೀವರೆಗೆ ಬಂದೆ ಅಯ್ಯನವರೇ. ಇಲ್ಲಿ ಗಂಟು ಸಿಕ್ತು. ಗಂಟು ಸಿಕ್ಕಿದ ಕಡೆ ಉಜ್ಜುಗೊರಡು ಓಡಲ್ಲ. ಬೇರೆ ಹಲಗೆ ಕೊಡಿ."

ಒಳಗಿನಿಂದ ಟೀಚರ್ ನಗುವುದು ಕೇಳಿಸಿತು. ಬಿಷಪ್ಪರ ಕಿವಿ ಕೆಂಪಾದವು. ಆದರೆ ಅವರು ಗೆರೆಯನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಇದನ್ನು ತೋರಿಸಿರಲಿಲ್ಲ. ಎಲ್ಲರೂ ಅದ್ಭುತ ಎಂದಿದ್ದರು. ಎಲ್ಲಿ ನಿಲ್ಲಿಸಿದೆವು ಎಂದು ಒಬ್ಬರೂ ಹೇಳಿರಲಿಲ್ಲ.

"ಬೇರೆ ಬರೀತೀನಿ," ಎಂದರು. "ಅದನ್ನೂ ಹೀಗೇ ಗೆರೆ ಹಾಕಿ ತರ್ತೀರಾ?"

"ಹಾಕೋದು ಬಿಡೋದು ನನ್ನ ಕೈಲಿಲ್ಲ. ಹಲಗೆ ನೋಡ್ಕೊಂಡು."

ಎರಡನೆಯ ಕಾರ್ಡು ಐದನೆಯ ಸಾಲಿಗೆ ನಿಂತಿತು. ಅದರಲ್ಲಿ ಬೈಬಲಿನ ಏಳು ವಚನಗಳ ಸಂಖ್ಯೆಗಳಿದ್ದವು. ಅದು ಕಿಟಕಿಯ ಅಳತೆ ಇರಬೇಕೆಂದು ಬಡಗಿ ತಿಳಿದಿದ್ದ. ಮೂರನೆಯದನ್ನು ಬರೆಯಲು ಬಿಷಪ್ ಎರಡು ವಾರ ತೆಗೆದುಕೊಂಡರು. ಕಠಿಣ ಪದ ಒಂದೂ ಇಲ್ಲದಂತೆ ಆರಿಸಿ ತೆಗೆದರು. ಒಬ್ಬ ರಾಜನ ದೃಷ್ಟಾಂತ ಹಾಕಿದರು. ಅಕ್ಷರ ದೊಡ್ಡದು ಮಾಡಿದರು. ಈ ಸಲ ಆಗುತ್ತದೆ ಎಂದು ಅವರ ಮನಸ್ಸು ಹೇಳುತ್ತಿತ್ತು. ಬಡಗಿ ಬರುವ ಹೊತ್ತಿಗೆ ಗೇಟಿನ ತನಕ ಹೋಗಿ ನಿಂತರು.

ಗೆರೆ ಕೊನೆಗೆ ಇನ್ನೆರಡೇ ಸಾಲು ಇದೆ ಎನ್ನುವಲ್ಲಿ ಬಿದ್ದಿತ್ತು.

"ಇಲ್ಲೇನು ಗಂಟು? ಇಷ್ಟು ನುಣುಪಾಗಿದೆ!" ಎಂದರು ಬಿಷಪ್. ದನಿಯಲ್ಲಿ ಜಗಳದ ಎಳೆ ಇತ್ತು.

ಬಡಗಿ ಕತ್ತು ಕೆರೆದುಕೊಂಡ. "ಗಂಟಿಲ್ಲ. ಕತೇನೂ ಚೆನ್ನಾಗಿದೆ. ಆದ್ರೆ ಬೇಜಾರು ಮಾಡ್ಕೋಬಾರ್ದು. ಉತ್ತರ ನಿಮಗೂ ಗೊತ್ತಿಲ್ಲ ಅಂತ ಇಲ್ಲಿ ಬರೋ ಹೊತ್ತಿಗೆ ನಂಗೆ ಗೊತ್ತಾಗೋಯ್ತು. ಅದಕ್ಕೇ ನಿಲ್ಲಿಸ್ದೆ."

ಆ ದಿನ ಬಿಷಪ್ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಟೀಚರ್ ಬಂದು ಬಾಗಿಲಿಗೆ ಒರಗಿ ನಿಂತರು.

"ಏನ್ರೀ, ಫೇಲಾ?"

"ಮೂರು ಸಲ."

"ನಾನೊಂದು ಕೇಳ್ಲಾ? ನೀವು ಯಾವತ್ತು ಹಂಗೆ ಸಂತೋಷ ಪಟ್ಟಿದ್ರಿ, ಎದೆಯಲ್ಲಿ ಹಿಡಿಸದಷ್ಟು?"

ಬಿಷಪ್ ತಲೆಯೆತ್ತಿದರು. ಉತ್ತರಕ್ಕೆ ಹೊತ್ತು ಬೇಕಾಗಲಿಲ್ಲ. "ನಮಗೆ ಒಂದೇ ಊರಿಗೆ ವರ್ಗ ಆಯ್ತಲ್ಲ, ಆವತ್ತು."

ಮದುವೆಯಾದ ಮೊದಲೆರಡು ವರ್ಷ ಅವರು ಒಂದು ಊರಿನಲ್ಲಿ, ಆಕೆ ಇನ್ನೊಂದರಲ್ಲಿ. ತಿಂಗಳಿಗೊಂದು ಸಲ ರೈಲು ಹತ್ತಿ ಹೋಗಿ ಬರುವ ಸಂಸಾರ. ಅವರನ್ನು ಆಕೆಯ ಊರಿಗೇ ಹಾಕಿದ ಆದೇಶ ಒಂದು ಬುಧವಾರ ಕೈಗೆ ಬಂದಿತ್ತು. ಯಾರಿಗೂ ಹೇಳದೆ ಸಿಕ್ಕಿದ ಬಸ್ಸು ಹತ್ತಿ, ನೇರವಾಗಿ ಆಕೆಯ ಶಾಲೆಗೆ ಹೋಗಿದ್ದರು.

"ಅದನ್ನ ಬರೀರಿ," ಎಂದರು ಟೀಚರ್.

"ಅದು ಧರ್ಮಶಾಸ್ತ್ರ ಅಲ್ಲ ಕಣೇ."

"ಅಲ್ಲ ತಾನೇ? ಹಂಗಾದ್ರೆ ಓದ್ತಾರೆ ಬಿಡಿ," ಎಂದು ಆಕೆ ತಟ್ಟೆ ಜೋಡಿಸಲು ಹೋದರು.

ನಾಲ್ಕನೆಯ ಕಾರ್ಡನ್ನು ಬಿಷಪ್ ಊಟದ ಮೇಜಿನ ಮೇಲೆಯೇ ಬರೆದರು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹುಬ್ಬು ಕೂಡಿಸದೆ.

ನನಗೂ ಒಮ್ಮೆ ಹಾಗಾಗಿತ್ತು. ಓಡಿ ಹೋಗಿ ಒಂದು ಶಾಲೆಯ ಕಿಟಕಿಯ ಹೊರಗೆ ನಿಂತೆ. ಮಾತು ಬರಲಿಲ್ಲ. ಒಳಗೆ ಪಾಠ ಹೇಳುತ್ತಿದ್ದವಳು ನನ್ನ ಮುಖ ನೋಡಿದಳು, ಕರಿಹಲಗೆಯ ಮೇಲಿನ ಲೆಕ್ಕ ತಪ್ಪಿದಳು. ಮೂವತ್ತು ಹುಡುಗಿಯರು, ಟೀಚರ್ ತಪ್ಪು, ಟೀಚರ್ ತಪ್ಪು, ಎಂದು ಕೂಗಿದರು. ನಾನು ಏನೂ ಹೇಳಬೇಕಾಗಲಿಲ್ಲ. ಸಂತೋಷವನ್ನು ಎತ್ತಿಕೊಂಡು ಯಾರದಾದರೂ ಕಿಟಕಿಯ ಹೊರಗೆ ನಿಂತರೆ ಸಾಕು ಎಂದು ಕಾಣುತ್ತದೆ. ದೇವರ ಕಿಟಕಿ ಯಾವುದೆಂದು ಇಷ್ಟು ವರ್ಷವಾದರೂ ನನಗೆ ಸರಿಯಾಗಿ ಗೊತ್ತಿಲ್ಲ. ಎಲ್ಲಾದರೂ ನಿಲ್ಲಿ. ನಿಮ್ಮ ಮುಖ ಕಂಡರೆ ಅವನೂ ಲೆಕ್ಕ ತಪ್ಪುತ್ತಾನೆ.

ಅರ್ಧ ಕಾರ್ಡು ಖಾಲಿ ಉಳಿದಿತ್ತು. ಅದನ್ನು ತುಂಬಿಸಲು ಪೆನ್ನು ಒಮ್ಮೆ ಕೆಳಗಿಳಿಯಿತು, ಮತ್ತೆ ಮೇಲೆದ್ದಿತು. ಟೀಚರ್ ಹಿಂದೆ ನಿಂತು ಓದಿದರು. "ಮೂವತ್ತಲ್ಲ, ಇಪ್ಪತ್ತೆಂಟು ಹುಡುಗೀರು," ಎಂದರು. ದನಿ ಸ್ವಲ್ಪ ಬೇರೆಯಾಗಿತ್ತು. ಸರಿಯುತ್ತರಕ್ಕೆ ಅಂಕ ಕೊಡುವಾಗಲೂ ಅವರ ದನಿ ಹಾಗಾದದ್ದನ್ನು ಯಾರೂ ಕೇಳಿರಲಿಲ್ಲ.

*

ಕಾರ್ಡು ಅಂಚೆಗೆ ಬಿದ್ದು ಮೂರು ದಿನ ಆಯಿತು. ಬಡಗಿ ಬರಲಿಲ್ಲ. ಒಂದು ವಾರ, ಎರಡು ವಾರ. ಗೇಟಿನ ಸದ್ದಾದರೆ ಬಿಷಪ್ ಎದ್ದು ನೋಡುತ್ತಿದ್ದರು; ಹಾಲಿನವನು, ಅಂಚೆಯವನು, ಸಹಿ ಹಾಕಿಸಲು ಕಾಗದದ ಕಟ್ಟು ಹೊತ್ತ ಗಡಿಯಾರದ ಪಾದ್ರಿ. ಗೆರೆ ಬಿದ್ದಿದ್ದರೆ ಎಲ್ಲಿ ಬಿತ್ತು ಎಂದಾದರೂ ಗೊತ್ತಾಗುತ್ತಿತ್ತು. ಇದು ಗೆರೆಗಿಂತ ಕಷ್ಟವಾಗಿತ್ತು. ಬಹುಶಃ ಮೊದಲ ಸಾಲನ್ನೂ ಓದದೆ ಎಲ್ಲೋ ಎಸೆದಿರಬೇಕು.

"ಹೋಗಿ ಕೇಳ್ಬಾರ್ದಾ?" ಎಂದರು ಟೀಚರ್.

"ಒಬ್ಬ ಬಿಷಪ್ ಹೋಗಿ, ನಾನು ಬರೆದದ್ದು ಓದಿದ್ರಾ ಅಂತ ಕೇಳೋದಾ?"

"ಎರಡು ವರ್ಷ ಊರವರ ಕಪಾಟಿಗೆಲ್ಲ ಕೈ ಹಾಕಿದೋರಿಗೆ ಈಗ ಮರ್ಯಾದೆ ಅಡ್ಡ ಬಂತಾ?"

ಅದು ಆಕೆಗೆ ಗೊತ್ತಿದೆ ಎಂದು ಬಿಷಪ್ಪರಿಗೆ ಗೊತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬಡಗಿಯ ಅಂಗಡಿ ಮೂರು ಬೀದಿ ಆಚೆ. ತಗಡಿನ ಮಾಡಿನ ಕೆಳಗೆ ಅರ್ಧ ಮುಗಿದ ಬಾಗಿಲೊಂದು ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿತ್ತು, ಕೆಳಗೆ ಸುರುಳಿ ಸುರುಳಿ ಮರದ ಸಿಪ್ಪೆ. ಬಡಗಿ ಇರಲಿಲ್ಲ. ಒಳಗಿನಿಂದ ಅವನ ಮಗಳು ಬಂದಳು, ಸೊಂಟಕ್ಕೆ ಟವೆಲ್ಲು ಸಿಕ್ಕಿಸಿಕೊಂಡು, ಬಂದವರು ಯಾರೆಂದು ಗುರುತು ಹುಡುಕುತ್ತಾ.

"ಅಪ್ಪ ಇಲ್ಲ. ನೀವು ಬಿಷಪ್ ಅಯ್ಯನವರಲ್ವಾ?" ಎಂದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರೆ ಆ ಕಾರ್ಡು ಬರ್ದಿದ್ದು ನೀವೇ."

"ಹೌದಮ್ಮ. ಅವರು ಅದನ್ನ..."

"ಚೆನ್ನಾಗಿ ಬರ್ದಿದೀರ! ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಮಗೂನ ಎತ್ಕೊಂಡು ಹೊರಟುಬಿಡ್ತಾರೆ. ಯಾರ್ಯಾರದೋ ಕಿಟಕಿ ಹೊರಗೆ ಹೋಗಿ ನಿಂತ್ಕೋತಾರೆ! ಕೇಳಿದ್ರೆ, ನಾನೇ ಮಾಡಿದ ಕಿಟಕಿ, ನಿಂತ್ಕೊಂಡ್ರೆ ತಪ್ಪೇನು ಅಂತಾರೆ. ಅಂಚೆ ಕಚೇರಿ ಗುಮಾಸ್ತರು ಬೆರಳಿಗೇ ಮೊಹರು ಹೊಡ್ಕೊಂಡ್ರಂತೆ. ಆ ಕ್ಷೌರದಂಗಡಿಯವರು ಒಬ್ಬರ ಅರ್ಧ ಮೀಸೆ ತೆಗೆದೇಬಿಟ್ರಂತೆ. ಆ ಮೀಸೆಯವರು ಮನೆಗೆ ಬಂದಿದ್ರು ಜಗಳಕ್ಕೆ." ಅವಳು ಉಸಿರು ತೆಗೆದುಕೊಂಡಳು. ಕಣ್ಣಿನಲ್ಲಿ ನಗು ತುಳುಕುತ್ತಿತ್ತು. "ಬಂದೋರು ಮಗೂನ ನೋಡಿ ಅರ್ಧ ಗಂಟೆ ಕೂತು ಆಡಿಸಿ ಹೋದ್ರು. ಈಗ ದಿನಾ ಬರ್ತಾರೆ."

ಬಿಷಪ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಹಾಗಾದ್ರೆ... ಪೂರ್ತಿ ಓದಿದ್ರು."

"ಓದಿದ್ರಾ ಅಂದ್ರೆ? ನಂಗೆ ಬಾಯಿಪಾಠ ಬರುತ್ತೆ ಈಗ. ರಾತ್ರಿ ಮಗು ಅತ್ರೆ ಅದನ್ನೇ ಹೇಳಿ ಮಲಗಿಸ್ತಾರೆ."

"ಮತ್ತೆ ವಾಪಸ್ ಯಾಕೆ ತರಲಿಲ್ಲ?"

ಅವಳು ಅವರನ್ನು ವಿಚಿತ್ರವಾಗಿ ನೋಡಿದಳು. "ಸರಿಯಾಗಿ ಕೂತ ಬಾಗಿಲನ್ನ ಯಾರಾದ್ರೂ ವಾಪಸ್ ತರ್ತಾರಾ ಅಯ್ಯನವರೇ?"

ಮನೆಗೆ ಹಿಂದಿರುಗುವಾಗ ಬಿಷಪ್ ಎರಡು ಬೀದಿ ಹೆಚ್ಚು ಸುತ್ತಿದರು. ಅಂಚೆ ಕಚೇರಿಯ ಮುಂದೆ ಬಡಗಿ ಇರಲಿಲ್ಲ, ಒಳಗೆ ಗುಮಾಸ್ತರ ತೋರುಬೆರಳು ಮಾತ್ರ ನೇರಳೆಯಾಗಿತ್ತು. ಕ್ಷೌರದಂಗಡಿಯ ಮುಂದೆಯೂ ಇರಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಅವರು ಸ್ನಾನದ ಮನೆಯ ಕೀರ್ತನೆಯನ್ನು ಬೀದಿಯಲ್ಲೇ ಗುನುಗುತ್ತಿದ್ದರು. ಎದುರಿಗೆ ಬಂದ ಗಡಿಯಾರದ ಪಾದ್ರಿ ಗಾಬರಿಯಾಗಿ ಸಮಯ ನೋಡಿಕೊಂಡ.

"ಅಯ್ಯನವರೇ, ಪ್ರೆಸ್ಸಿನವರು ಮತ್ತೆ ಕೇಳಿದಾರೆ. ಹತ್ತನೇ ಪುಸ್ತಕ ಯಾವುದರ ಬಗ್ಗೆ ಅಂತ ಹೇಳ್ಲಿ? ಸಂಕಟಾನಾ?"

"ಸಂಕಟ ಸಾಕಪ್ಪ. ತೆಳ್ಳಗಿರುತ್ತೆ ಅಂತ ಹೇಳು. ಅರ್ಧ ಹಾಳೆ ಖಾಲಿ ಇರುತ್ತೆ ಅಂತಾನೂ ಹೇಳು, ಇಲ್ದಿದ್ರೆ ಅಚ್ಚು ತಪ್ಪಿದೆ ಅಂದ್ಕೋತಾರೆ."

ಮೇಜಿನ ಮುಂದೆ ಕೂತರು. ಹೊಸ ಹಾಳೆ ತೆಗೆದರು. ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಹಾಳೆಯ ಮೇಲೆ ಗೆರೆ ಗೆರೆಯಾಗಿ ಹಾಕಿತ್ತು. ಮೊದಲ ವಾಕ್ಯ ಸಿಕ್ಕಿತ್ತು, ಸಣ್ಣದು, ದಾರಿಯಲ್ಲೇ ಸಿಕ್ಕಿದ್ದು. ಅದನ್ನು ಅರ್ಧ ಬರೆದಿದ್ದರು. ಆಗ ಹಾಳೆಯ ಮೇಲಿನ ಬಿಸಿಲು ಮಸುಕಾಯಿತು.

ಕಿಟಕಿಯ ಹೊರಗೆ ಬಡಗಿ ನಿಂತಿದ್ದ. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ, ಒದ್ದೆ ಕೂದಲನ್ನು ಒಂದು ಬದಿಗೆ ಬಾಚಿಕೊಂಡು, ತೋಳಿನಲ್ಲಿ ಒಂದು ಹಳದಿ ಟೊಪ್ಪಿಗೆಯ ಗಂಟು. ಗಂಟಿನೊಳಗಿಂದ ಎರಡು ಕಣ್ಣು. ಅವನ ಮುಖ ಹೇಳುವಷ್ಟನ್ನೂ ಹೇಳಿ ಇನ್ನೂ ಮುಗಿಸಿರಲಿಲ್ಲ.

ಬಿಷಪ್ಪರ ಪೆನ್ನು ಹಾಳೆಯ ಮೇಲೆಯೇ ನಿಂತಿತು. ನಿಂತಲ್ಲೇ ಮಸಿ ಇಳಿದು ಮೊದಲು ಸಾಸಿವೆಯಷ್ಟು, ಆಮೇಲೆ ಗುಂಡಿಯಷ್ಟು ಅಗಲವಾಯಿತು. ಬರೆಯುತ್ತಿದ್ದ ವಾಕ್ಯ ಎಲ್ಲಿಗೆ ಹೋಗಬೇಕಿತ್ತು ಎಂಬುದು ಅವರಿಗೆ ಪೂರ್ತಿ ಮರೆತುಹೋಗಿತ್ತು.

"ಏ, ಇಲ್ಲಿ ಬಾರೇ!" ಎಂದು ಒಳಗೆ ಕೂಗಿದರು. "ಬೇಗ ಬಾ, ಯಾರು ಬಂದಿದಾರೆ ನೋಡು!"

ಟೀಚರ್ ಹಿಟ್ಟಿನ ಕೈಯಲ್ಲೇ ಬಂದು, ಮೊದಲು ಹಾಳೆಯ ಮೇಲಿನ ಮಸಿಯನ್ನು ನೋಡಿದರು, ಆಮೇಲೆ ಗಂಡನ ಮುಖವನ್ನು, ಆಮೇಲೆ ಕಿಟಕಿಯನ್ನು. ಸರಳಿನ ಸಂದಿಯಿಂದ ಒಂದು ಪುಟ್ಟ ಮುಷ್ಟಿ ಒಳಗೆ ಬಂದು ಗಾಳಿಯಲ್ಲಿ ತೆರೆದುಕೊಳ್ಳುತ್ತಿತ್ತು.